ಎಂಜಿನ್ನಿನ ಸಂವೇದಕಗಳು: ಬದಲಾಯಿಸುವ ಮೊದಲು ಪರೀಕ್ಷೆ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕೃತಿಯ ಹಳದಿ ದೀಪ ಹೊತ್ತಿಕೊಂಡರೆ ಹಳೆಯ ಎಸ್‌ಯುವಿಯ ಒಡೆಯನನ್ನು ಮೊದಲು ಕಾಡುವುದು ಖರ್ಚಿನ ಚಿಂತೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಇಂತಹ ವಾಹನ ಬಹುಮಟ್ಟಿಗೆ ವಿಲಾಸದ ವಸ್ತುವಲ್ಲ. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರದ ಕಡೆಯ ಬಂಧುಗಳ ಮನೆಗೆ ಹೋಗುವುದಕ್ಕೂ, ಮದುವೆಮನೆಗೆ ಎಂಟು ಜನರನ್ನು ಕರೆದೊಯ್ಯುವುದಕ್ಕೂ ಅದೇ ಆಧಾರ. ದೋಷ ಕಂಡುಬಂದಾಗ ಅನೇಕ ವಾಹನಗಳು ತಮ್ಮನ್ನು ತಾವು ರಕ್ಷಿಸಿಕೊಳ್ಳಲು ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸಿಬಿಡುತ್ತವೆ. ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವ ಅರಣ್ಯದ ದಾರಿಯಲ್ಲಿ, ಸಂಜೆಯ ವೇಳೆಗೆ, ಮಕ್ಕಳನ್ನು ಕೂರಿಸಿಕೊಂಡ ವಾಹನ ಹೀಗೆ ತೆವಳತೊಡಗಿದರೆ ಆಗುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ದೀಪವನ್ನು ಅಲಕ್ಷಿಸುವುದು ಸಲ್ಲದು. ಗಾಬರಿಗೊಂಡು ಬಿಡಿಭಾಗಗಳನ್ನು ಒಂದರ ಹಿಂದೊಂದು ಬದಲಾಯಿಸುತ್ತ ಹೋಗುವುದೂ ಸಲ್ಲದು.

ಸಂವೇದಕವೆಂದರೆ ಮೆಕ್ಯಾನಿಕ್ಕುಗಳ ಮಾತಿನ ಸೆನ್ಸರ್. ಗಾಳಿ, ಒತ್ತಡ, ಉಷ್ಣತೆ, ಚಕ್ರದಂಡದ ಸ್ಥಾನ ಮೊದಲಾದವನ್ನು ಅಳೆದು ವಿದ್ಯುತ್ ಸಂಕೇತವಾಗಿ ನಿಯಂತ್ರಣ ಘಟಕಕ್ಕೆ ತಿಳಿಸುವುದೇ ಅದರ ಕೆಲಸ. 2000ದಿಂದ 2005ರವರೆಗೆ ಮಾರಾಟವಾದ ಡೀಸೆಲ್ ಕ್ವಾಲಿಸ್‌ನಲ್ಲಿ ಇಂಧನವನ್ನು ಅಳೆದುಕೊಡುತ್ತಿದ್ದದ್ದು ಯಾಂತ್ರಿಕ ಪಂಪು. 2002ರಲ್ಲಿ ಬಂದ ಸ್ಕಾರ್ಪಿಯೊ ಕೆಲವು ವರ್ಷಗಳಲ್ಲಿ ಕಾಮನ್ ರೈಲ್ ಎಂಜಿನ್ನಿಗೆ ಹೊರಳಿತು. ಸಫಾರಿಯೂ ಅದೇ ದಾರಿ ಹಿಡಿಯಿತು. ಅಂದಿನಿಂದ ಈ ವಾಹನಗಳ ಉಸಿರಾಟವೆಲ್ಲ ಸಂವೇದಕಗಳ ವರದಿಯನ್ನು ಅವಲಂಬಿಸಿದೆ. ಈ ವಿದ್ಯೆ ಈ ನೆಲಕ್ಕೆ ಪರಕೀಯವೂ ಅಲ್ಲ. ಕೊಯಮತ್ತೂರಿನ ಪ್ರೈಕಾಲ್ ಸಂಸ್ಥೆ ದಶಕಗಳಿಂದ ವಾಹನಗಳ ಮಾಪಕಗಳನ್ನೂ ಸಂವೇದಕಗಳನ್ನೂ ತಯಾರಿಸುತ್ತ ಬಂದಿದೆ.

ದೀಪ ಹೊತ್ತಿದಾಗ ನಿಯಂತ್ರಣ ಘಟಕ ತನ್ನ ಸ್ಮೃತಿಯಲ್ಲಿ ಒಂದು ದೋಷಸಂಖ್ಯೆಯನ್ನು ಬರೆದಿಡುತ್ತದೆ. ಭಾರತದಲ್ಲಿ ಭಾರತ್ ಸ್ಟೇಜ್ 4 ಕಾರುಗಳಿಗೆ ಈ ಸ್ವಯಂಪರೀಕ್ಷಾ ವ್ಯವಸ್ಥೆಯ ಮೊದಲ ಹಂತ 2010ರಿಂದಲೂ ಎರಡನೆಯ ಹಂತ 2013ರಿಂದಲೂ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ 16 ಪಿನ್ನುಗಳ ಕಿಂಡಿಗೆ ಸಿಕ್ಕಿಸುವ ಸಣ್ಣ ಓದುಗ ಉಪಕರಣ, ಅದಕ್ಕೆ ಜೋಡಿಸಿದ ಮೊಬೈಲ್ ಇದ್ದರೆ ಸಂಖ್ಯೆಯನ್ನು ಮನೆಯಲ್ಲೇ ಓದಬಹುದು. ಅದಕ್ಕಿಂತ ಹಳೆಯ ಕೆಲವು ವಾಹನಗಳಿಗೆ ತಯಾರಕರದೇ ಉಪಕರಣ ಬೇಕಾಗುತ್ತದೆ. ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳದೆ ಅಳಿಸಬಾರದು. ಅಳಿಸಿದರೆ ದೋಷ ಹುಟ್ಟಿದ ಹೊತ್ತಿನ ವೇಗ, ಉಷ್ಣತೆ ಮುಂತಾದ ದಾಖಲೆಯೂ ಅದರೊಂದಿಗೆ ಹೋಗುತ್ತದೆ.

ಈ ಸಂಖ್ಯೆಯನ್ನು ದೂರೆಂದು ತಿಳಿಯಬೇಕೇ ಹೊರತು ತೀರ್ಪೆಂದಲ್ಲ. ಪಿ0299 ಎಂಬ ಸಂಖ್ಯೆಯನ್ನೇ ನೋಡಬಹುದು. ಟರ್ಬೊದಿಂದ ಬರಬೇಕಾದಷ್ಟು ಒತ್ತಡ ಬರುತ್ತಿಲ್ಲ ಎಂಬುದು ಅದರ ಅರ್ಥ. ಇದನ್ನು ಓದಿದವರು ಒತ್ತಡದ ಸಂವೇದಕವನ್ನೇ ಕೊಂಡು ತಂದು ಹಾಕುವುದುಂಟು. ಆದರೆ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ ಹತ್ತು ವರ್ಷಗಳ ಬಿಸಿಗೆ ಸೀಳಿದ್ದರೆ ಸಂವೇದಕ ನುಡಿಯುತ್ತಿರುವುದು ಸತ್ಯವನ್ನೇ. ಏರಿನಲ್ಲಿ ಸಿಳ್ಳಿನಂತಹ ಸದ್ದು, ಕಪ್ಪು ಹೊಗೆ, ಕೊಳವೆಯ ಸಂದಿನಲ್ಲಿ ಎಣ್ಣೆಯ ಕಲೆ ಇವು ಅಂತಹ ಸೀಳಿನ ಗುರುತುಗಳು. ಸತ್ಯ ನುಡಿದ ಸಾಕ್ಷಿಯನ್ನು ಬದಲಾಯಿಸಿದರೆ ಅಪರಾಧ ನಿಲ್ಲುವುದಿಲ್ಲ. ಕೆಲವೇ ದಿನಗಳಲ್ಲಿ ದೀಪ ಮತ್ತೆ ಹೊತ್ತುತ್ತದೆ.

ಆದುದರಿಂದ ಮೊದಲ ಪರಿಶೀಲನೆ ಕಣ್ಣಿನದು. ಸಂವೇದಕಕ್ಕೆ ಹೋಗುವ ತಂತಿಯನ್ನು ಇಲಿ ಕಡಿದಿದೆಯೇ, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಅದರ ಬೀಗದ ಕೊಂಡಿ ಮುರಿದು ಸಡಿಲವಾಗಿದೆಯೇ, ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ ಎಂಬುದನ್ನು ನೋಡಬೇಕು. ಪಲ್ಲಡಂ, ಅವಿನಾಶಿಗಳ ಸುತ್ತ ಮಗ್ಗ ಹಾಗೂ ನೂಲಿನ ಗಿರಣಿಗಳ ಬಳಿಯೇ ನಿಲ್ಲುವ ವಾಹನಗಳ ಫಿಲ್ಟರಿನಲ್ಲಿ ಹತ್ತಿಯ ನಾರು ಸೇರುವ ಸಂಭವವನ್ನೂ ಗಮನದಲ್ಲಿಡಬೇಕು.

ಎರಡನೆಯದು ಅಂಕಿಗಳ ಪರಿಶೀಲನೆ. ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು; ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಬಹುದು. ಎಂಜಿನ್ ನಿಲ್ಲಿಸಿ ಕೀಲಿಯನ್ನು ಮಾತ್ರ ತಿರುಗಿಸಿದಾಗ ಒತ್ತಡದ ಸಂವೇದಕ ತೋರಿಸಬೇಕಾದದ್ದು ಹೊರಗಿನ ವಾಯುಭಾರವನ್ನು. ಸಮುದ್ರಮಟ್ಟದಿಂದ ಸುಮಾರು 411 ಮೀಟರ್ ಎತ್ತರದ ಕೊಯಮತ್ತೂರಿನಲ್ಲಿ ಅದು 96 ಅಥವಾ 97 ಕಿಲೊಪಾಸ್ಕಲ್ ಇರಬೇಕು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಅದೇ ಸಂವೇದಕ 77ರ ಆಸುಪಾಸು ತೋರಿಸಿದರೆ ಅದು ದೋಷವಲ್ಲ. ಮೆಟ್ಟುಪಾಳಯದಿಂದ ಮೇಲೇರಿದಂತೆ ಗಾಳಿ ತೆಳುವಾಗಿದೆ ಎಂದಷ್ಟೇ ಅರ್ಥ. ಕೊಯಮತ್ತೂರಿನಲ್ಲಿಯೇ 80 ತೋರಿಸಿದರೆ ಅನುಮಾನಕ್ಕೆ ಕಾರಣವಿದೆ. ಹವಾಮಾನ ವರದಿಯ ಒತ್ತಡದೊಂದಿಗೆ ಇದನ್ನು ಹೋಲಿಸಬಾರದು. ಆ ಅಂಕಿಯನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸಿ ಕೊಡುವುದು ರೂಢಿ.

ಶೀತಕದ್ರವದ ಉಷ್ಣತೆಯ ಸಂವೇದಕವನ್ನೂ ಹೀಗೆಯೇ ಪರೀಕ್ಷಿಸಬಹುದು. ಇಡೀ ರಾತ್ರಿ ನಿಂತ ವಾಹನದಲ್ಲಿ ಬೆಳಗ್ಗೆ ಶೀತಕದ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಕೆಲವೇ ಡಿಗ್ರಿಗಳ ಅಂತರದಲ್ಲಿರಬೇಕು. ಒಂದು 27, ಇನ್ನೊಂದು 60 ಎಂದರೆ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ. ಈ ಸಂವೇದಕದ ಒಳಗಿರುವುದು ಉಷ್ಣತೆ ಏರಿದಂತೆ ರೋಧ ಇಳಿಯುವ ಅರೆವಾಹಕ. ಅನೇಕ ವಾಹನಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ ಇರುವ ರೋಧ 80 ಡಿಗ್ರಿಯಲ್ಲಿ 300 ಓಮ್‌ಗಳ ಸಮೀಪಕ್ಕೆ ಇಳಿಯುತ್ತದೆ. ನಿಖರವಾದ ಅಂಕಿಗೆ ಆಯಾ ವಾಹನದ ಕೈಪಿಡಿಯೇ ಪ್ರಮಾಣ.

ಇನ್ನು ಶುಚಿಗೊಳಿಸುವ ವಿಚಾರ. ಗಾಳಿಯ ಪ್ರಮಾಣವನ್ನಳೆಯುವ ಸಂವೇದಕದಲ್ಲಿ ಬಿಸಿಯಾದ ಅತಿಸೂಕ್ಷ್ಮ ತಂತಿ ಅಥವಾ ಪೊರೆ ಇರುತ್ತದೆ. ಹರಿಯುವ ಗಾಳಿ ಅದನ್ನು ತಣಿಸುತ್ತದೆ. ಅದರ ಬಿಸಿಯನ್ನು ಉಳಿಸಿಕೊಳ್ಳಲು ಬೇಕಾದ ವಿದ್ಯುತ್ತಿನಿಂದ ಗಾಳಿಯ ಲೆಕ್ಕ ಸಿಗುತ್ತದೆ. ಧೂಳು, ಎಣ್ಣೆಯ ಪದರ ಕಂಬಳಿಯಂತೆ ಹೊದ್ದುಕೊಂಡರೆ ಅದು ಗಾಳಿಯನ್ನು ಕಡಿಮೆಯೆಂದು ವರದಿ ಮಾಡುತ್ತದೆ. ಡೀಸೆಲ್ ವಾಹನ ಏರಿನಲ್ಲಿ ಸೋಲುತ್ತದೆ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಕನೆಕ್ಟರನ್ನು ತಂತಿ ಹಿಡಿದೆಳೆಯದೆ ಕೊಂಡಿ ಒತ್ತಿ ತೆಗೆದು, ಸಂವೇದಕವನ್ನು ಹೊರತೆಗೆಯಬೇಕು. ಅದಕ್ಕೆಂದೇ ಮಾರುವ ಸ್ಪ್ರೇಯನ್ನು ಮಾತ್ರ ದೂರದಿಂದ ಸಿಂಪಡಿಸಬೇಕು. ಬ್ರೇಕ್ ಕ್ಲೀನರ್, ಕಾರ್ಬ್ಯುರೇಟರ್ ಕ್ಲೀನರ್, ಪೆಟ್ರೋಲ್ ಸಲ್ಲವು. ಬಟ್ಟೆ, ಬ್ರಶ್, ಬೆರಳು, ಕಂಪ್ರೆಸರಿನ ಗಾಳಿ ಯಾವುದೂ ಆ ತಂತಿಯನ್ನು ತಾಕಬಾರದು. ಅರ್ಧ ಗಂಟೆ ನೆರಳಿನಲ್ಲಿ ಒಣಗಿಸಿ ಮರಳಿ ಜೋಡಿಸುವುದು ಕ್ಷೇಮ. ಡೀಸೆಲ್ ಎಂಜಿನ್ನಿನ ಒತ್ತಡದ ಸಂವೇದಕದ ಬಾಯಿಗೆ ಕಟ್ಟಿದ ಮಸಿಯನ್ನೂ ಇಂಥದೇ ಸ್ಪ್ರೇಯಿಂದ ಕರಗಿಸಬಹುದು. ಅದರೊಳಗೆ ಪಿನ್ನು ಚುಚ್ಚಬಾರದು.

ಕೆಲವು ಸಂವೇದಕಗಳು ಶುಚಿಯಿಂದ ಸರಿಹೋಗುವುದಿಲ್ಲ. ಬಿಸಿಯಾದಾಗ ಎಂಜಿನ್ ಹಠಾತ್ತನೆ ನಿಂತು, ತಣಿದ ಮೇಲೆ ಏನೂ ಆಗದಂತೆ ಚಾಲನೆಗೊಂಡರೆ ಚಕ್ರದಂಡದ ಸ್ಥಾನ ಸಂವೇದಕದ ಒಳಗಿನ ಸುರುಳಿ ಕೈಕೊಡುತ್ತಿರಬಹುದು. ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಒರೆಸಿಯೂ ರೋಗ ಮರಳಿದರೆ ಬದಲಾವಣೆಯೇ ದಾರಿ. ಪೆಟ್ರೋಲ್ ವಾಹನಗಳ ಆಮ್ಲಜನಕ ಸಂವೇದಕವೂ ಸವೆದ ಮೇಲೆ ತೊಳೆದರೆ ಚೇತರಿಸಿಕೊಳ್ಳುವುದಿಲ್ಲ. ಶೀತಕದ ಸಂವೇದಕ ಬದಲಿಸುವಾಗ ಎಂಜಿನ್ ಪೂರ್ಣ ತಣಿದಿರಬೇಕು. ಚೆಲ್ಲಿದ ಶೀತಕ ಸಿಹಿಯಾದ ವಿಷ, ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಸಿಗದಂತೆ ಕೂಡಲೇ ಒರೆಸಿ ತೊಳೆಯಬೇಕು. ಕಾಮನ್ ರೈಲಿನ ಇಂಧನ ಒತ್ತಡದ ಸಂವೇದಕಕ್ಕೆ ಮಾತ್ರ ಮನೆಯಲ್ಲಿ ಕೈಹಾಕಲೇಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಸೂಜಿಯಷ್ಟು ಸಣ್ಣ ಧಾರೆಯೂ ಚರ್ಮವನ್ನು ಸೀಳಿ ಒಳಹೊಗಬಲ್ಲದು.

ಹೊಸ ಸಂವೇದಕ ಕೊಳ್ಳುವಾಗ ಹಳೆಯದರ ಮೇಲಿನ ಭಾಗಸಂಖ್ಯೆಯನ್ನು ಹೋಲಿಸಿ ನೋಡಬೇಕು, ಬಿಲ್ಲನ್ನು ತಪ್ಪದೆ ಪಡೆಯಬೇಕು. ನಕಲಿ ಅಥವಾ ದೋಷಪೂರಿತ ವಸ್ತು ಸಿಕ್ಕಿದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬಿಲ್ಲು, ಬರೆದಿಟ್ಟ ದೋಷಸಂಖ್ಯೆ, ಬಿಚ್ಚಿದ ಹಳೆಯ ಭಾಗ ಈ ಮೂರೂ ಅಲ್ಲಿ ಉಪಯೋಗಕ್ಕೆ ಬರುವ ಸಾಕ್ಷ್ಯಗಳು. ಅಲ್ಪ ಮೊತ್ತಕ್ಕೆ ಬಿಲ್ಲಿಲ್ಲದೆ ಕೊಂಡವನಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ.

ದೀಪವನ್ನೇ ಆರಿಸಿಬಿಡುವ, ಸಂವೇದಕಕ್ಕೆ ಸುಳ್ಳು ಸಂಕೇತ ಕೊಡುವ, ಹೊಗೆ ಮರುಬಳಕೆಯ ಕವಾಟವನ್ನು ಮುಚ್ಚಿಸುವ ಅಡ್ಡದಾರಿಗಳನ್ನು ಸೂಚಿಸುವವರೂ ಇದ್ದಾರೆ. ವಾಯುಮಾಲಿನ್ಯದ ಮಾನಕವನ್ನು ಮೀರಿದ ವಾಹನವನ್ನು ಓಡಿಸುವುದು ಮೋಟಾರು ವಾಹನ ಕಾಯ್ದೆಯ 190(2)ನೇ ಪ್ರಕರಣದಂತೆ ಅಪರಾಧ. ಮೊದಲ ಬಾರಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆಯೂ ಉಂಟು. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಅದನ್ನು ಐದು ವರ್ಷಗಳಿಗೆ ನವೀಕರಿಸಬಯಸುವ ಕುಟುಂಬಕ್ಕೆ ವಾಹನ ನಿಜವಾಗಿ ಸುಸ್ಥಿತಿಯಲ್ಲಿರುವುದೇ ಲಾಭ. ಪರೀಕ್ಷೆಯ ದಿನ ತೋರಿಕೆಯ ಆರೋಗ್ಯ ನಿಲ್ಲುವುದಿಲ್ಲ.

ಮನೆಯಲ್ಲಿ ಒಂದು ನೋಟ್‌ಪುಸ್ತಕವನ್ನು ಈ ವಾಹನಕ್ಕೆಂದೇ ಇಡುವುದು ಒಳ್ಳೆಯದು. ವಾಹನ ಆರೋಗ್ಯವಾಗಿರುವಾಗಲೇ ತಿಂಗಳಿಗೊಮ್ಮೆ ಬೆಳಗಿನ ಉಷ್ಣತೆ, ಕೀಲಿ ತಿರುಗಿಸಿದಾಗಿನ ವಾಯುಭಾರ, ಓಡಿದ ಕಿಲೋಮೀಟರ್, ಬದಲಿಸಿದ ಭಾಗ ಇವಿಷ್ಟನ್ನು ದಿನಾಂಕಸಹಿತ ಬರೆದಿಟ್ಟರೆ ಕಾಯಿಲೆ ಬಂದ ದಿನ ಹೋಲಿಸಲು ಅಂಕಿಗಳಿರುತ್ತವೆ. ಮೆಕ್ಯಾನಿಕ್ಕಿನ ಬಳಿ ಹೋಗಬೇಕಾಗಿ ಬಂದಾಗಲೂ ಆ ಪುಸ್ತಕವನ್ನು ಜೊತೆಗೊಯ್ದವನಿಗೆ ದುರಸ್ತಿಯ ಕಾರಣವನ್ನು ವಿವರಿಸಿ ಹೇಳುವಂತೆ ಕೇಳುವ ಧೈರ್ಯವಿರುತ್ತದೆ.