ಕೆಂಪು ಅಂದ್ರೆ ಓಡ್ತಿದೆಯಾ, ನಿಂತಿದೆಯಾ? | ಕಂಟ್ರೋಲ್ ರೂಮ್ ಮಾತು, ಭಾಗ 6

ಮೊದಲನೇ ಫೋಟೋ ನಮ್ಮ ಹಚ್ಚೊಳ್ಳಿ ಹೊಲದ ಪಂಪ್‌ಸೆಟ್ ಸ್ಟಾರ್ಟರ್ ರೀ. ಹಸಿರು ಗುಂಡಿ ಒತ್ತಿದ್ರೆ ಚಾಲು, ಕೆಂಪು ಒತ್ತಿದ್ರೆ ಬಂದ್. ಸಣ್ಣ ಹುಡುಗರಿಗೂ ಗೊತ್ತು. ಆದ್ರೆ ನಮ್ಮಪ್ಪ ಹಸಿರು ಒತ್ತಿ ಹಂಗೇ ಮನೆಗೆ ಬಂದವರಲ್ಲ. ಬದುವಿನ ಮೇಲೆ ನಡೆದು ಹೋಗಿ, ಪೈಪಿನ ಬಾಯಲ್ಲಿ ನೀರು ಬೀಳೋದು ನೋಡೇ ತಿರುಗ್ತಿದ್ರು.

ಎರಡನೇ ಫೋಟೋ ನಾನೇ ಹಾಳೆ ಮೇಲೆ ಬರೆದ ಚಿತ್ರ. ಕಂಟ್ರೋಲ್ ರೂಮಿನಲ್ಲಿ ಫೋಟೋ ತೆಗೆಯುವಂತಿಲ್ಲ. ಟರ್ಬೈನಿನ ಬೇರಿಂಗಿಗೆ ಎಣ್ಣೆ ಕೊಡುವ ಪಂಪಿನ ಸ್ಕ್ರೀನ್ ಅದು.

ನಮ್ಮ ವಿದ್ಯುತ್ ಸ್ಥಾವರಗಳಲ್ಲಿ ಹಳೇ ರೂಢಿ ಹೊಲದ ಸ್ಟಾರ್ಟರ್‌ಗೆ ಉಲ್ಟಾ: ಕೆಂಪು ದೀಪ ಅಂದ್ರೆ ಕರೆಂಟ್ ಐತಿ, ಓಡ್ತಿದೆ. ಹಸಿರು ಅಂದ್ರೆ ನಿಂತಿದೆ. ಬೇರೆ ಕಾರ್ಖಾನೆಗಳಿಗೆ ಸ್ಕ್ರೀನ್ ಮಾಡಿಕೊಡುವವರು ಹಸಿರನ್ನೇ "ಓಡ್ತಿದೆ" ಅಂತ ಇಡ್ತಾರೆ. ಎರಡೂ ತಪ್ಪಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳದೆ ಇಟ್ರೆ ಮಾತ್ರ ಆಪತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ (ಹೆಸರು ಬೇಡ) ಹಾಗೇ ಆಯ್ತು. ರಿಪೇರಿ ಸಮಯದಲ್ಲಿ ಹೊರಗಿನವರು ಬಂದು ಸ್ಕ್ರೀನ್ "ಚಂದ" ಮಾಡಿ ಹೋದ್ರು. ಹಗಲಿನ ಶಿಫ್ಟಿಗೆ ಬಾಯಿಮಾತಲ್ಲಿ ಹೇಳಿದ್ರಂತೆ. ರಾತ್ರಿ ಶಿಫ್ಟಿನ ನನಗೆ ಯಾರೂ ಹೇಳಲಿಲ್ಲ. ಆ ರಾತ್ರಿ ಮಷೀನ್ ನಿಲ್ಲಿಸುವಾಗ ಪಂಪು ಕೆಂಪಾಗಿತ್ತು. ಓಡ್ತಿದೆ ಅಂದ್ಕೊಂಡೆ. ಆದ್ರೆ ಅದನ್ನು ಯಾರೋ ಮ್ಯಾನುಯಲ್‌ನಲ್ಲಿ ಬಿಟ್ಟಿದ್ರು, ತಾನಾಗಿ ಶುರುವಾಗಲೇ ಇಲ್ಲ. ಕೆಳಗಿದ್ದ ಹುಡುಗ ವಾಕಿಟಾಕಿಯಲ್ಲಿ ಕೂಗಿದ: "ಅಣ್ಣಾ, ಗೇಜ್ ಇಳೀತೈತಿ, ಪಂಪು ಸಪ್ಪಳಿಲ್ಲ!"

ತಕ್ಷಣ ಸ್ಟಾರ್ಟ್ ಕೊಟ್ಟೆ, ಬಚಾವಾದ್ವಿ. ಒತ್ತಡ ಇನ್ನೂ ಇಳಿದಿದ್ರೆ ಬ್ಯಾಟರಿಯ ತುರ್ತು ಪಂಪು ಬರಬೇಕಿತ್ತು, ನಿಜ. ಆದ್ರೆ ಅದು ಕೊನೇ ಕಾವಲು. ಅದೂ ಕೈಕೊಟ್ರೆ ತಿರುಗುತ್ತಿರುವ ಶಾಫ್ಟ್ ಎಣ್ಣೆಯಿಲ್ಲದೆ ಬೇರಿಂಗನ್ನು ತಿಂದು ಹಾಕುತ್ತೆ. ವರದಿಯಲ್ಲಿ ಬರೆದದ್ದು ಎರಡೇ ಪದ: "ಆಪರೇಟರ್ ತಪ್ಪು."

ಇದು ನನ್ನೊಬ್ಬನ ಗೋಳಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಟರ್ಬೈನ್ ಟ್ರಿಪ್ ಆದ ಮೇಲೆ ಒಂದು ವಾಲ್ವ್ ತೆರೆದುಕೊಂಡು, ಮತ್ತೆ ಮುಚ್ಚದೆ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಆಪರೇಟರ್‌ಗಳು ಮುಚ್ಚಿದೆ ಅಂದ್ಕೊಂಡ್ರು. ಆ ದೀಪ ತೋರಿಸ್ತಿದ್ದದ್ದು "ಮುಚ್ಚು" ಅನ್ನೋ ಆಜ್ಞೆ ಹೋಗಿದೆ ಅಂತ ಮಾತ್ರ. ನಿಜವಾಗ್ಲೂ ಮುಚ್ಚಿತಾ ಅಂತ ಅಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಸೋರಿತು, ರಿಯಾಕ್ಟರಿನ ಒಡಲು ಅರ್ಧದಷ್ಟು ಕರಗಿತು. ನಮ್ಮಪ್ಪನ ಲೆಕ್ಕದಲ್ಲಿ ಹೇಳೋದಾದ್ರೆ, ಗುಂಡಿ ನೋಡಿದ್ರು, ಪೈಪಿನ ಬಾಯಿ ಕಾಣಲಿಲ್ಲ.

"ಬರೀ ಚಿತ್ರ ಬದಲಾಯಿಸಿದ್ದೀವಿ, ಲಾಜಿಕ್ ಮುಟ್ಟಿಲ್ಲ" ಅಂತ ಇಂಜಿನಿಯರ್ ಸಾಹೇಬ್ರು ಹೇಳ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ನಾನು ಒಪ್ಪೋದಿಲ್ಲ. ನಮ್ಮ ಜಿಲ್ಲೆಯ ಕುಡಿತಿನಿಯ ಬಳ್ಳಾರಿ ಥರ್ಮಲ್‌ನಲ್ಲೇ 500 ಮೆಗಾವ್ಯಾಟಿನ ಎರಡು, 700ರ ಒಂದು ಯೂನಿಟ್ ಇವೆ. ನಿಮಿಷಕ್ಕೆ 3000 ಸುತ್ತು ತಿರುಗೋ ಅಂಥ ಮಷೀನನ್ನು ಆಪರೇಟರ್ ಕಣ್ಣಾರೆ ನೋಡ್ತಾ ಕೂರೋದಿಲ್ಲ. ಅವನ ಪಾಲಿಗೆ ಸ್ಕ್ರೀನೇ ಮಷೀನ್. ಸ್ಕ್ರೀನ್ ಬದಲಾಯಿತು ಅಂದ್ರೆ ಮಷೀನೇ ಬದಲಾದಂಗೆ.

ಹಂಗಾರೆ ಬದಲಾಯಿಸಲೇಬಾರದಾ? ಬದಲಾಯಿಸಿ ರೀ. ಹಳೇ ಸ್ಕ್ರೀನ್‌ಗಳಲ್ಲೂ ಹುಳುಕು ಬೇಕಾದಷ್ಟಿವೆ. ನಾನು ಕೇಳೋದು ಇಷ್ಟೇ:

👉 ಪಂಪಿನ ಚಿತ್ರದ ಪಕ್ಕದಲ್ಲೇ ಎಣ್ಣೆಯ ಒತ್ತಡದ ಅಂಕಿ ಇರಲಿ. ಆಜ್ಞೆ ಬೇರೆ, ಆಗಿದ್ದು ಬೇರೆ. ಎರಡೂ ಕಾಣಲಿ.

👉 ಬಣ್ಣ ಒಂದನ್ನೇ ನೆಚ್ಚಬೇಡಿ. "ಓಡ್ತಿದೆ", "ನಿಂತಿದೆ" ಅಂತ ಅಕ್ಷರದಲ್ಲೂ ಬರೀರಿ. ಕನ್ನಡದಲ್ಲಿ ಬರೆದ್ರೆ ರಾತ್ರಿ ಮೂರು ಗಂಟೆಯ ಕಣ್ಣಿಗೆ ಇನ್ನೂ ಒಳ್ಳೇದು.

👉 ಮಷೀನ್ ನಿಂತಿರುವಾಗ, ಅದನ್ನು ಓಡಿಸುವವರನ್ನು ಪಕ್ಕದಲ್ಲಿ ಕೂರಿಸ್ಕೊಂಡು ಬದಲಾಯಿಸಿ. ಹಳೇ ಫೈಲ್ ಎತ್ತಿಡಿ.

👉 ಏನು ಬದಲಾಯಿತು ಅಂತ ಲಾಗ್ ಬುಕ್ಕಿನಲ್ಲಿ ಬರೆದು, ಎಲ್ಲ ಶಿಫ್ಟಿನವರ ಸಹಿ ತಗೊಳ್ಳಿ. ಕಾಂಟ್ರ್ಯಾಕ್ಟ್ ಹುಡುಗರದ್ದೂ.

ಆ ರಾತ್ರಿ ನಮ್ಮನ್ನ ಉಳಿಸಿದ್ದು ಲಕ್ಷಗಟ್ಟಲೆಯ ಸ್ಕ್ರೀನ್ ಅಲ್ಲ. ಗೇಜ್ ಮುಂದೆ ನಿಂತು ಪಂಪಿನ ಸಪ್ಪಳ ಕೇಳಿದ ಆ ಹುಡುಗ. ಸ್ಕ್ರೀನ್ ಹೆಂಗಿರಬೇಕು ಅಂತ ಅವನನ್ನ ಮಾತ್ರ ಇವತ್ತಿಗೂ ಯಾರೂ ಕೇಳಿಲ್ಲ.

ಥರ್ಮಲ್, ಸಕ್ಕರೆ ಕಾರ್ಖಾನೆ, ರೈಸ್ ಮಿಲ್ಲು, ಎಲ್ಲೇ ಇರ್ಲಿ, ನಿಮ್ಮಲ್ಲಿ ಕೆಂಪು ಅಂದ್ರೆ ಏನು? ಕಮೆಂಟಲ್ಲಿ ಹೇಳ್ರಿ. ಕಂಪನಿ ಹೆಸರು ಮಾತ್ರ ಬ್ಯಾಡ.

ಮುಂದಿನ ಭಾಗ: ಒಮ್ಮೆಲೇ ನೂರು ಅಲಾರಂ ಹೊಡ್ಕೊಂಡ್ರೆ ಯಾವುದನ್ನ ಮೊದಲು ನೋಡ್ಬೇಕು?

#ಕಂಟ್ರೋಲ್‌ರೂಮ್‌ಮಾತು #ಹಚ್ಚೊಳ್ಳಿ #ಸಿರುಗುಪ್ಪ #ಬಳ್ಳಾರಿ #ಟರ್ಬೈನ್ #ಶಿಫ್ಟ್‌ಡ್ಯೂಟಿ