ಪರದೇಶಕ್ಕೆ ಹೊರಟ ಹಿರಿಯರ ಪೆಟ್ಟಿಗೆಯಲ್ಲಿ ಏನಿದೆ?

ಊರಿನಿಂದ ಬಸ್ಸು ಹತ್ತಿ ಮುಂಬಯಿಗೆ ಬಂದು, ಹಗಲು ಹೊಟೇಲು-ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ನಮ್ಮವರ ಮಕ್ಕಳು ಇಂದು ದುಬಾಯಿ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ವಿಕ್ರೋಳಿಯ ಕನ್ನಮ್‌ವಾರ್ ನಗರ, ಟಾಗೋರ್ ನಗರ, ಪಾರ್ಕ್‌ಸೈಟ್ ಕಡೆಯ ತುಳು-ಕನ್ನಡಿಗ ಹಿರಿಯರು ಮಕ್ಕಳ ಮನೆಗೆ ಹೋಗಿಬರುವುದು ಈಗ ಸಾಮಾನ್ಯ ಸಂಗತಿ. ಮೊಮ್ಮಗು ಹುಟ್ಟಿದರಂತೂ ಆರು ತಿಂಗಳು ಅಲ್ಲೇ. ಇದು ಹೆಮ್ಮೆಯ ವಿಷಯವೇ. ಆದರೆ ಹೋದವರ ಹೊಟ್ಟೆಯ ಪಾಡೇನು ಎಂಬ ಬಗ್ಗೆ ನಮ್ಮ ಸಂಘ ಸಂಸ್ಥೆಗಳಲ್ಲಿ ಚರ್ಚೆ ನಡೆದದ್ದನ್ನು ನಾನಂತೂ ಕೇಳಿಲ್ಲ.

ನಾನು ಬ್ಯಾಂಕಿನ ಗುಮಾಸ್ತ. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಲು ನಮ್ಮ ಕೌಂಟರಿಗೆ ಬರುತ್ತಾರೆ. ಪರದೇಶಕ್ಕೆ ಹೋಗಿಬಂದವರ ಮಾತು ಹೆಚ್ಚುಕಮ್ಮಿ ಒಂದೇ. ಮಗನ ಮನೆ ಚೆನ್ನಾಗಿದೆ, ಸೊಸೆ ಚೆನ್ನಾಗಿ ನೋಡಿಕೊಂಡಳು, ಆದರೆ ಸಕ್ಕರೆ ಏರಿದೆ, ಮಾತ್ರೆ ಹೆಚ್ಚಾಗಿದೆ. "ಅಲ್ಲಿನ ಊಟ ನಮಗೆ ಆಗುವುದಿಲ್ಲ ಮಾರಾಯರೆ" ಎಂದು ತೀರ್ಪು ಕೊಟ್ಟು ಸಹಿ ಹಾಕಿ ಹೋಗುತ್ತಾರೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ತಪ್ಪು ಅಲ್ಲಿನ ಊಟದ್ದು ಅನ್ನುವುದಕ್ಕಿಂತ ನಾವು ಕಟ್ಟಿಕೊಂಡು ಹೋಗುವ ಪೆಟ್ಟಿಗೆಯದ್ದು ಅನ್ನಬೇಕು. ಹೊರಡುವ ಮುನ್ನ ತೂಕದ ಯಂತ್ರದ ಮೇಲೆ ಹತ್ತಿಸಿ ಇಳಿಸಿ ಮಾಡುವ ಆ ಪೆಟ್ಟಿಗೆಯಲ್ಲಿ ಏನಿರುತ್ತದೆ? ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕ, ಬಾಳೆಕಾಯಿ ಚಿಪ್ಸು, ಚಕ್ಕುಲಿ, ಬೇಸನ್ ಲಾಡು, ಒಣಮೀನು. ಉಪ್ಪು, ಎಣ್ಣೆ, ಸಕ್ಕರೆ ಈ ಮೂರರಲ್ಲೇ ಇಪ್ಪತ್ಮೂರು ಕಿಲೋ ತುಂಬುತ್ತದೆ! ಇವು ನಮ್ಮ ಊಟದ ಅಂಚಿನಲ್ಲಿ ಇರುತ್ತಿದ್ದ ವಸ್ತುಗಳು. ಊಟ ಎನ್ನುವುದು ಬೇರೆಯೇ ಇತ್ತು. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ಹರಿವೆ, ಬಂಗುಡೆ, ಬೂತಾಯಿ, ನೀರು ಮಜ್ಜಿಗೆ. ಆ ಊಟವನ್ನು ಊರಲ್ಲೇ ಬಿಟ್ಟು ಅಂಚನ್ನು ಮಾತ್ರ ವಿಮಾನ ಹತ್ತಿಸುತ್ತೇವೆ. ಅಲ್ಲಿ ತರಕಾರಿ ರುಚಿಸದಾಗ ಎರಡು ಹೊತ್ತೂ ಅನ್ನ-ಉಪ್ಪಿನಕಾಯಿ-ಹಪ್ಪಳ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಿಕ್ಕ ಚಮಚ. ರಕ್ತದೊತ್ತಡದವರ ತಟ್ಟೆಯಲ್ಲಿ ಉಪ್ಪಿನಕಾಯಿಯೇ ಪಲ್ಯದ ಜಾಗ ಹಿಡಿದರೆ ಲೆಕ್ಕ ಎಲ್ಲಿಗೆ ಹೋದೀತು?

ನಮ್ಮ ಹಿರಿಯರಿಗೆ ಮುಂಬಯಿಯೇ ಮೊದಲ ಪರದೇಶ. ಆಗ ಅವರು ಪೆಟ್ಟಿಗೆ ನಂಬಿ ಕೂರಲಿಲ್ಲ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ, ಮನೆ ಬಿಟ್ಟು ಬಂದವರಿಗೆ ಅಲ್ಲಿ ಸಿಕ್ಕಿದ್ದು ಅನ್ನ, ಸಾರು, ಪಲ್ಯ, ಮಜ್ಜಿಗೆಯ ಪೂರ್ಣ ಊಟ. ತರಕಾರಿ ಈ ಪೇಟೆಯದ್ದು, ಕ್ರಮ ಊರಿನದ್ದು. ಇದೇ ಉಪಾಯ ಅಮೆರಿಕದಲ್ಲೂ ನಡೆಯುತ್ತದೆ. ಅಲ್ಲಿ ಪಾಲಕ್, ಕೇಲ್, ಕೊಲಾರ್ಡ್ ಸೊಪ್ಪು ಧಾರಾಳ. ಕೊಲಾರ್ಡ್ ಎಲೆಯಲ್ಲಿ ಪತ್ರೊಡೆ ಮಾಡುವ ನಮ್ಮ ಹೆಣ್ಣುಮಕ್ಕಳಿದ್ದಾರೆ; ಕೆಸುವಿನಂತೆ ಗಂಟಲು ತುರಿಸುವ ಭಯವೂ ಇಲ್ಲವಂತೆ. ಸಿಹಿ ಹಾಕದ ಮೊಸರು ಸಿಗುತ್ತದೆ, ಬೇಳೆಕಾಳು ಸಿಗುತ್ತದೆ. ಗಲ್ಫಿನಲ್ಲಂತೂ ಮಲಯಾಳಿಗಳ ಕೃಪೆಯಿಂದ ಕುಚ್ಚಲಕ್ಕಿಯೂ ಸಿಗುತ್ತದೆ. ಹಾಗಿದ್ದೂ ಅಲ್ಲಿನ ಬ್ಯಾಚುಲರ್ ರೂಮುಗಳ ಹುಡುಗರು ಮೂರು ಹೊತ್ತೂ ಮೈದಾದ ಕುಬ್ಬೂಸಿಗೆ ಜೋತುಬೀಳುತ್ತಾರೆ. ಆ ಸಂಕಟ ಬೇರೆ. ಅದನ್ನು ಇನ್ನೊಮ್ಮೆ ಬರೆಯಬೇಕು.

ಹಣ್ಣಿನ ರಸವೆಂದರೆ ಆರೋಗ್ಯಕರವೆಂದು ನಂಬಿ ಬೆಳಗ್ಗೆ ಲೋಟ ತುಂಬಾ ಕುಡಿಯುವ ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. 240 ಮಿ.ಲೀ. ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ, ಅಂದರೆ ಐದು ಚಮಚ. ಬೇರೆ ಸಕ್ಕರೆ ಬೆರೆಸದಿದ್ದರೂ ಅಷ್ಟು ಇರುತ್ತದೆ. ಹಣ್ಣನ್ನೇ ತಿನ್ನಿ. ಅಲ್ಲಿ ಪ್ರತಿ ಡಬ್ಬದ ಹಿಂದೆ ಅಂಕೆಗಳನ್ನು ಮುದ್ರಿಸಿರುತ್ತಾರೆ, ಪಾಸ್‌ಬುಕ್ ನೋಡುವ ಶ್ರದ್ಧೆಯಿಂದ ಅದನ್ನೂ ನೋಡಬೇಕು.

ನಡಿಗೆಯ ಮಾತು ಬಿಡುವಂತಿಲ್ಲ. ವಿಕ್ರೋಳಿಯಲ್ಲಿ ನಾವು ಯಾರೂ ವ್ಯಾಯಾಮ ಮಾಡುವವರಲ್ಲ, ಆದರೆ ಸ್ಟೇಷನ್ನಿಗೆ ನಡೆಯುತ್ತೇವೆ, ರೈಲ್ವೆ ಸೇತುವೆ ಹತ್ತಿ ಇಳಿಯುತ್ತೇವೆ, ಮಾರ್ಕೆಟಿನಿಂದ ಚೀಲ ಹೊರುತ್ತೇವೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಹಾಲು ತರಲೂ ಕಾರು ಬೇಕು. ಅದೇ ಊಟ ಮಾಡಿದರೂ ಖರ್ಚಾಗುವುದಿಲ್ಲ.

ಇಷ್ಟೆಲ್ಲ ಏಕೆ ಹೇಳಬೇಕಾಗಿದೆ ಎಂದರೆ, ಐಸಿಎಂಆರ್ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಸಂದರ್ಶಕರ ವಿಮೆಗಳಲ್ಲಿ ಬಹುಪಾಲು ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ, ಕೊಟ್ಟರೂ ಮಿತಿ ಇಟ್ಟಿರುತ್ತವೆ. ಪಾಲಿಸಿಯ ಸಣ್ಣ ಅಕ್ಷರ ಓದದೆ ಹೋದ ತಾಯಿ ಅಲ್ಲಿ ಆಸ್ಪತ್ರೆ ಸೇರಿದರೆ ಮಗನ ವರ್ಷಗಳ ಉಳಿತಾಯ ಕರಗುತ್ತದೆ. ಅದಕ್ಕೇ ಎಷ್ಟೋ ಹಿರಿಯರು ತಲೆ ತಿರುಗಿದರೂ ಬಾಯಿಬಿಡುವುದಿಲ್ಲ. ಮಗನಿಗೆ ಖರ್ಚು, ಸೊಸೆಗೆ ತೊಂದರೆ ಎಂಬ ಸಂಕೋಚ. ಊಟದ ವಿಷಯದಲ್ಲೂ ಇದೇ ಸಂಕೋಚ. ಭಾನುವಾರ ಮಾಡಿಟ್ಟು ಫ್ರಿಜ್ಜಿನಲ್ಲಿಟ್ಟದ್ದನ್ನು ಗುರುವಾರದವರೆಗೆ ಮೌನವಾಗಿ ತಿನ್ನುತ್ತಾರೆ. ಸೊಪ್ಪು ತಂದುಕೊಡು, ಅಡುಗೆ ನಾನು ಮಾಡುತ್ತೇನೆ ಎಂದು ಹೇಳುವುದರಲ್ಲಿ ಅವಮಾನವೇನಿದೆ?

ಹೊರಡುವವರು ಮೊದಲು ವೈದ್ಯರನ್ನು ಕಾಣಲಿ. ನ್ಯೂಯಾರ್ಕಿಗೂ ನಮಗೂ ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ. ಮಾತ್ರೆ, ಇನ್ಸುಲಿನ್ ಹೊತ್ತನ್ನು ಹೇಗೆ ಬದಲಿಸಬೇಕೆಂದು ಕೇಳಿ ಬರೆಸಿಕೊಳ್ಳಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗಿನ ಸಾಮಾನಿನಲ್ಲಿ ಹೆಪ್ಪುಗಟ್ಟಿ ಕೆಡಬಹುದು. ವಿಮಾನದಲ್ಲಿ ಸಕ್ಕರೆಯವರ ಊಟ ಬೇಕಿದ್ದರೆ ಒಂದೆರಡು ದಿನ ಮೊದಲೇ ಹೇಳಬೇಕು. ಪಾಯಸಕ್ಕೆಂದು ಗಸಗಸೆ ಕಟ್ಟಿಕೊಳ್ಳುವವರು ಎಚ್ಚರ! ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ, ಜೈಲಿಗೂ ದಾರಿಯಾದೀತು. ಅಮೆರಿಕಕ್ಕೆ ಹಸಿ ಕರಿಬೇವು, ಮಾವಿನಹಣ್ಣು ಒಯ್ಯುವಂತಿಲ್ಲ, ತಂದ ತಿಂಡಿಯನ್ನೆಲ್ಲ ಕಸ್ಟಮ್ಸಿನವರಿಗೆ ತಿಳಿಸಲೇಬೇಕು.

ಸಂಘದ ಪದಾಧಿಕಾರಿಗಳಲ್ಲಿ, ವಿಶೇಷವಾಗಿ ಮಹಿಳಾ ವಿಭಾಗದ ಸೋದರಿಯರಲ್ಲಿ ಒಂದು ವಿನಂತಿ. ಆಟಿ ತಿಂಗಳಲ್ಲಿ ಮುಂಬಯಿಯಲ್ಲಿ ಎಷ್ಟೋ ಕಡೆ 'ಆಟಿಡೊಂಜಿ ದಿನ' ನಡೆಯುತ್ತದೆ. ತಿಮರೆ ಚಟ್ನಿ, ಪತ್ರೊಡೆ, ಕಣಿಲೆ ಪಲ್ಯ ಎಲ್ಲ ಸಾಲಾಗಿ ಇಡುತ್ತಾರೆ, ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಅದೇ ದಿನ ಒಂದು ಗಂಟೆ ಬಿಡುವು ಮಾಡಿ, ಆ ವರ್ಷ ಪರದೇಶಕ್ಕೆ ಹೊರಟವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹೋಗಿಬಂದವರು ಯಾವ ಊರಲ್ಲಿ ಯಾವ ಸೊಪ್ಪು ಸಿಗುತ್ತದೆ, ಯಾವುದರಲ್ಲಿ ಏನು ಮಾಡಬಹುದು ಎಂದು ಹೇಳಲಿ. ನಮ್ಮವರೇ ಆದ ಒಬ್ಬ ವೈದ್ಯರು ಬಂದು ಮಾತ್ರೆಯ ಚೀಟಿ ನೋಡಲಿ. ವಿಮೆಯ ಕಾಗದ ಓದಿ ಅರ್ಥ ಹೇಳುವ ಕೆಲಸವನ್ನು ನಾನು ವಹಿಸಿಕೊಳ್ಳಲು ಸಿದ್ಧ. ಭಾನುವಾರವಾದರೆ ಬ್ಯಾಂಕಿಗೂ ರಜೆ.