ಹೊಲದ ಮಣ್ಣಿನ ಹೆಸರಿಲ್ಲದ ಜೀವಿಗಳು

ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ರಾಗಿ ಹೊಲ ಬರಿದಾಗಿ ಕಾಣುತ್ತದೆ. ಆದರೆ ಅದರ ಮಣ್ಣಿನಲ್ಲಿ ಸಿಲಿಯೇಟ್ ಎಂಬ ಏಕಕೋಶ ಜೀವಿಗಳು ಗಟ್ಟಿ ಕವಚದೊಳಗೆ ಮಳೆಗಾಗಿ ಕಾದಿರುತ್ತವೆ. ಒಣಮಣ್ಣನ್ನು ತಟ್ಟೆಯಲ್ಲಿ ಹರಡಿ, ಬಟ್ಟಿ ಇಳಿಸಿದ ನೀರಿನಿಂದ ನೆನೆಸಿಡಿ. ಎರಡು ದಿನಗಳ ನಂತರ ಅದರಿಂದ ಬಸಿದ ಒಂದು ತೊಟ್ಟನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಅಲಸಂದೆ ಕಾಳಿನಾಕಾರದ ಕೊಲ್ಪೋಡ ತನ್ನ ಲೋಮಾಂಗಗಳನ್ನು ಬಡಿಯುತ್ತ ಈಜುವುದು ಕಂಡೀತು. ಇವು ಬ್ಯಾಕ್ಟೀರಿಯಗಳನ್ನು ತಿಂದು, ಸಾರಜನಕವನ್ನು ಬೆಳೆಗೆ ಬಿಟ್ಟುಕೊಡುತ್ತವೆ.

ಹೊಸ ಪ್ರಭೇದವೆನ್ನಲು ಕಂಡರಷ್ಟೇ ಸಾಲದು. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ, ಲೋಮಾಂಗಗಳ ಸಾಲುಗಳನ್ನು ಎಣಿಸಿ, ತಿಳಿದ ಪ್ರಭೇದಗಳೊಡನೆ ಹೋಲಿಸಬೇಕು. ಆಸ್ಟ್ರಿಯದ ವಿಲ್ಹೆಲ್ಮ್ ಫಾಯಿಸ್ನರ್ (1948–2020) ಹೀಗೆಯೇ ನೂರಾರು ಹೊಸ ಪ್ರಭೇದಗಳನ್ನು ವಿವರಿಸಿದರು.

ಬೆಂಗಳೂರಿನ ಸುತ್ತಲ ಹೊಲಗಳು ನಿವೇಶನಗಳಾಗುತ್ತಿವೆ. ಅಲ್ಲಿನ ಮಣ್ಣನ್ನು ನೋಡುವ ಕೆಲಸ ಅದಕ್ಕೆ ಮೊದಲೇ ಆಗಬೇಕು. ಪೋಷಕರೇ, ಮಣ್ಣು ಮುಟ್ಟಿದ ಮಕ್ಕಳನ್ನು ಗದರಿಸಬೇಡಿ.